ಇಳಿಜಾರಿನಲ್ಲಿ ಎಂಜಿನ್ ಆರಿಸಿದ ದಿನ

ಸಾಗರದ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ನಿಲ್ಲುವ ಪಿಕಪ್‌ಗಳಲ್ಲಿ ಆಗ ಸಿಎನ್‌ಜಿ ಗ್ಯಾಸಿನ ಗಾಡಿ ಇದ್ದದ್ದು ನನ್ನದೊಂದೇ. ಉಳಿದವೆಲ್ಲ ಡೀಸೆಲ್. "ಇದಕ್ಕೆ ಲೋಡ್ ಹಾಕಿ ಘಾಟಿ ಹತ್ತಿಸು, ನೋಡಾಣ" ಎಂದು ಆ ಗಾಡಿಗಳ ಡ್ರೈವರುಗಳು ನಗುತ್ತಿದ್ದರು. ನಾನು ನನ್ನ ಮೈಲೇಜ್ ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಒಂದು ಕಿಲೋ ಗ್ಯಾಸಿಗೆ ನಾನು ಹೇಳುತ್ತಿದ್ದ ಕಿಲೋಮೀಟರ್ ಲೆಕ್ಕವನ್ನು ಕಂಪನಿಯವರೂ ಹೇಳುತ್ತಿರಲಿಲ್ಲ. ಸುಳ್ಳಲ್ಲ, ನಿಜವಾಗಿಯೂ ಬರುತ್ತಿತ್ತು. ಹೇಗೆ ಬರುತ್ತಿತ್ತೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಇಳಿಜಾರು ಕಂಡರೆ ಸಾಕು, ಗೇರ್ ತೆಗೆದು ನ್ಯೂಟ್ರಲ್‌ಗೆ ತಂದು, ಎಂಜಿನ್ ಆರಿಸಿಬಿಡುತ್ತಿದ್ದೆ. ಗಾಡಿ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಖಾಲಿ ಗಾಡಿಯಲ್ಲಿ, ನೇರ ರಸ್ತೆಯಲ್ಲಿ ಎಷ್ಟೋ ಸಲ ಮಾಡಿದ್ದೆ. ಏನೂ ಆಗಿರಲಿಲ್ಲ.

ಕವಲೇದುರ್ಗದ ಕೆಳಗಿನ ಒಂದು ಊರಿನ ಹೆಂಗಸರು ಸಂಘ ಮಾಡಿಕೊಂಡು ಊರ ಕೆರೆಯಲ್ಲಿ ಮೀನು ಸಾಕಲು ಹೊರಟಿದ್ದರು. ಸಾಗರದ ಹೊರಗೆ ಒಬ್ಬರು ಮೀನುಮರಿ ಮಾರುತ್ತಿದ್ದರು. ಅಲ್ಲಿಂದ ಮರಿಗಳನ್ನು ಸಾಗಿಸುವ ಬಾಡಿಗೆ ನನಗೆ ಸಿಕ್ಕಿತು. ಸಂಘದ ಅಧ್ಯಕ್ಷೆ ತಾವೇ ಬಸ್ಸಿನಲ್ಲಿ ಬಂದಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಕಡಿಮೆ ಮಾತು. ನಾನು ಅಕ್ಕ ಎಂದು ಕರೆದೆ.

ಮೀನುಮರಿಗಳನ್ನು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬುತ್ತಾರೆ. ಕೆಳಗೆ ನೀರು, ಮೇಲೆ ಆಮ್ಲಜನಕ, ಬಾಯಿಗೆ ಬಿಗಿಯಾದ ಕಟ್ಟು. ಚೀಲಗಳನ್ನು ಒಂದೊಂದಾಗಿ ಗಾಡಿಗೆ ಏರಿಸುತ್ತಿದ್ದಂತೆ ಹಿಂದಿನ ಟೈರು ಕುಗ್ಗುವುದು ಕಾಣುತ್ತಿತ್ತು. ನೀರು ಇಷ್ಟು ಭಾರವೆಂದು ನಾನು ಅಂದಾಜು ಮಾಡಿರಲಿಲ್ಲ. ಚೀಲಗಳ ಮೇಲೆ ಒದ್ದೆ ಗೋಣಿ ಹೊದಿಸಿದ ಮಾರಾಟಗಾರ ಕೈ ಒರೆಸಿಕೊಳ್ಳುತ್ತಾ ಹೇಳಿದ: "ಸಂಜೆ ತನಕ ತಡೀತದೆ ಅಂತ ನಂಬ್ಕೋಬೇಡಿ. ಮಳೆ ಬಿಟ್ಟು ಬಿಸಿಲು ಬಿದ್ದದೆ. ಮಧ್ಯಾಹ್ನ ಮೂರು ಗಂಟೆ ಒಳಗೆ ಕೆರೆಗೆ ಬಿಡ್ಬೇಕು."

ಆಗ ಒಂಬತ್ತೂವರೆ. ಗ್ಯಾಸ್ ತುಂಬಿಸಲು ಹೋದರೆ ಬಂಕಿನಲ್ಲಿ ಪ್ರೆಶರ್ ಇರಲಿಲ್ಲ. ಪ್ರೆಶರ್ ಕಡಿಮೆಯಿದ್ದರೆ ಸಿಲಿಂಡರು ಪೂರ್ತಿ ತುಂಬುವುದಿಲ್ಲ. ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತಿತು. "ಒಂದು ಗಂಟೆ ಕಾದ್ರೆ ಸರಿ ಆಗ್ತದೆ" ಎಂದರು. ಮೀನು ಹೇರಿಕೊಂಡು ಕಾಯುವುದು ಹೇಗೆ? ದಾರಿಯನ್ನು ಮನಸ್ಸಿನಲ್ಲೇ ಅಳೆದೆ. ನನ್ನ ಮೈಲೇಜಿನ ಲೆಕ್ಕದಲ್ಲಿ ಧಾರಾಳವಾಗಿ ಸಾಲುತ್ತಿತ್ತು. ಹೊರಟೆ.

ಹೊಸನಗರದವರೆಗೆ ತೊಂದರೆಯಾಗಲಿಲ್ಲ. ಆದರೆ ಪ್ರತಿ ಏರಿನಲ್ಲೂ ಗಾಡಿ ಮೂರನೇ ಗೇರಿನಲ್ಲಿ ಒದ್ದಾಡುತ್ತಿತ್ತು, ಎರಡಕ್ಕೆ ಇಳಿಸಬೇಕಾಗುತ್ತಿತ್ತು. ಗ್ಯಾಸಿನ ಮಟ್ಟ ತೋರಿಸುವ ಹಸಿರು ದೀಪಗಳಲ್ಲಿ ಒಂದು ಆರಿತು. ಹೊಸನಗರದ ಪೆಟ್ರೋಲ್ ಬಂಕ್ ಕಂಡಾಗ ಅಕ್ಕ ಕೇಳಿದರು.

"ಎಣ್ಣೆ ಹಾಕ್ಸೋದಿಲ್ವಾ?"

"ಬೇಡ ಅಕ್ಕ. ಇದು ಗ್ಯಾಸಿನ ಗಾಡಿ. ಸಾಕಾಗ್ತದೆ."

ನನ್ನ ಗಾಡಿಗೆ ಒಂದು ಚಿಕ್ಕ ಪೆಟ್ರೋಲ್ ಟ್ಯಾಂಕೂ ಇದೆ. ಗ್ಯಾಸ್ ಮುಗಿದರೆ ಪೆಟ್ರೋಲಿನಲ್ಲಿ ಓಡಿಸಬಹುದು. ಆದರೆ ಪೆಟ್ರೋಲಿನಲ್ಲಿ ಗಾಡಿ ಹೆಚ್ಚು ಕುಡಿಯುತ್ತದೆ. ಅದಕ್ಕೇ ನಾನು ಅದರಲ್ಲಿ ತಳ ಒದ್ದೆಯಾಗುವಷ್ಟು ಮಾತ್ರ ಇಡುತ್ತಿದ್ದೆ. ಆ ಬಂಕಿನ ಮುಂದೆ ಐದು ನಿಮಿಷ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅಲ್ಲಿಂದ ಮುಂದೆ, ನಗರ ಎಂಬ ಊರಿನ ದಾರಿಯಲ್ಲಿ ಒಂದು ಮೋರಿ ಕುಸಿದಿತ್ತು. ರಸ್ತೆಗೆ ಅಡ್ಡ ಕೊಂಬೆಗಳನ್ನು ಹಾಕಿ ಒಬ್ಬ ಕೆಲಸಗಾರ ನಿಂತಿದ್ದ. "ಎಡಕ್ಕೆ ಹೋಗಿ, ಗುಡ್ಡ ಹತ್ತಿ ಇಳಿದ್ರೆ ಮುಂದೆ ಇದೇ ರಸ್ತೆ ಸಿಗ್ತದೆ" ಎಂದು ಕೈ ತೋರಿಸಿದ.

ಆ ಗುಡ್ಡದ ರಸ್ತೆ ಒಂದು ಗಾಡಿಯಷ್ಟೇ ಅಗಲ. ಡಾಂಬರು ಕಿತ್ತು ಜಲ್ಲಿ ಎದ್ದಿತ್ತು. ಮೊದಲ ಗೇರು ಬಿಟ್ಟು ಎರಡನೆಯದಕ್ಕೆ ಹಾಕಲು ಆಗಲೇ ಇಲ್ಲ. ಎಂಜಿನ್ ಕಿರುಚುತ್ತಿತ್ತು, ಗಾಡಿ ನಡೆಯುವವರ ವೇಗದಲ್ಲಿ ಹತ್ತುತ್ತಿತ್ತು. ಒಂದು ತಿರುವಿನಲ್ಲಿ ಚಕ್ರ ತಿರುಗಿದರೂ ಗಾಡಿ ಮುಂದೆ ಹೋಗಲಿಲ್ಲ. ಹಿಂದಕ್ಕೆ ಬಿಟ್ಟು ಮತ್ತೆ ಹತ್ತಿಸಿದೆ. ಎರಡನೇ ದೀಪ ಆರಿತು. ಸ್ವಲ್ಪ ಹೊತ್ತಿಗೆ ಮೂರನೆಯದೂ. ಬಯಲು ರಸ್ತೆಯಲ್ಲಿ ಅರ್ಧ ದಿನ ಓಡಿಸುವಷ್ಟು ಗ್ಯಾಸನ್ನು ಆ ಗುಡ್ಡವೊಂದೇ ನುಂಗುತ್ತಿದೆ ಅನ್ನಿಸಿತು. ಅಂಗಿ ಬೆನ್ನಿಗೆ ಅಂಟಿತ್ತು. ಅಕ್ಕ ಒಮ್ಮೆ ದೀಪದ ಕಡೆ, ಒಮ್ಮೆ ನನ್ನ ಮುಖದ ಕಡೆ ನೋಡಿದರು.

ನೆತ್ತಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಕೆಂಪು ದೀಪ ಹತ್ತಿತು. ಗಾಡಿ ಒಮ್ಮೆ ಜಗ್ಗಿ ತಾನಾಗಿಯೇ ಪೆಟ್ರೋಲಿಗೆ ಹೋಯಿತು. ಪೆಟ್ರೋಲಿನ ಮುಳ್ಳು ಕೆಳಗಿನ ಗೆರೆಯ ಮೇಲೆ ಮಲಗಿತ್ತು. ಹೇಗೋ ನೆತ್ತಿ ತಲುಪಿದೆವು. ಮುಂದೆ ಉದ್ದದ ಇಳಿಜಾರು.

ಕೈ ತಾನಾಗಿಯೇ ಹೋಯಿತು ಎಂದು ಹೇಳಿದರೆ ತಪ್ಪಾಗುತ್ತದೆ. ಯೋಚಿಸಿಯೇ ಮಾಡಿದೆ. ಇಳಿಜಾರು ಮುಗಿಯುವವರೆಗೆ ಒಂದು ತೊಟ್ಟೂ ಖರ್ಚಾಗಬಾರದು ಎಂದುಕೊಂಡು ಗೇರ್ ತೆಗೆದು, ಎಂಜಿನ್ ಆರಿಸಿ, ಸ್ಟೇರಿಂಗ್ ಲಾಕ್ ಆಗದಂತೆ ಚಾವಿಯನ್ನು ಒಂದು ಹಂತ ಮುಂದಕ್ಕೆ ತಿರುಗಿಸಿದೆ.

ಸದ್ದು ನಿಂತಿತು. ಹಿಂದೆ ಚೀಲದ ನೀರು ತುಳುಕುವುದು ಕೇಳಿಸಿತು.

"ಗಾಡಿ ಬಂದ್ ಆತಾ?" ಅಕ್ಕ ಕೇಳಿದರು.

"ಇಲ್ಲ, ನಾನೇ ಆರಿಸಿದ್ದು."

ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯಿತು. ಎರಡನೆಯದರಲ್ಲಿ ಪೆಡಲ್ ಗಟ್ಟಿಯಾಯಿತು. ಎಂಜಿನ್ ಓಡುತ್ತಿದ್ದರೆ ಮಾತ್ರ ಬ್ರೇಕಿಗೆ ಬಲ. ಆರಿಸಿದ ಮೇಲೆ ಎರಡು ಮೂರು ಸಲ ಒತ್ತಿದರೆ ಆ ಬಲ ಮುಗಿಯುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಹಿಂದೆ ಅಷ್ಟು ನೀರಿನ ಭಾರವಿದ್ದಾಗ ಹೇಗಾಗುತ್ತದೆಂದು ಗೊತ್ತಿರಲಿಲ್ಲ. ಮೂರನೇ ತಿರುವಿಗೆ ಬಂದಾಗ ಎರಡೂ ಕಾಲಿನಿಂದ ಒತ್ತಿದರೂ ಕಲ್ಲಿನ ಮೇಲೆ ನಿಂತಂತೆ ಇತ್ತು. ಸ್ಟೇರಿಂಗೂ ಬಿಗಿದುಕೊಂಡಿತ್ತು. ಹಿಂದಿನ ಚೀಲಗಳ ನೀರು ಗಾಡಿಯನ್ನು ಮುಂದಕ್ಕೆ ದೂಡುತ್ತಿತ್ತು.

ತಿರುವಿನ ಆಚೆಯಿಂದ ಒಂದು ಸ್ಕೂಟರ್ ಬಂತು. ವಯಸ್ಸಾದವರೊಬ್ಬರು, ಹಿಂದೆ ಹುಲ್ಲಿನ ಹೊರೆ.

"ಏ! ಏ! ಬ್ರೇಕ್ ಹಾಕಾ!" ಎಂದು ಅಕ್ಕ ಕೂಗಿದರು.

ಹಾರನ್ ಒತ್ತುತ್ತಲೇ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಮುಗ್ಗರಿಸಿತು, ಎಂಜಿನ್ ಗುಡುಗಿ ಎದ್ದಿತು. ಹ್ಯಾಂಡ್‌ಬ್ರೇಕ್ ಎಳೆದು ಎಡಕ್ಕೆ, ರಸ್ತೆ ಬದಿಯ ಮಣ್ಣಿನ ಧರೆಯ ಕಡೆ ತಿರುಗಿಸಿದೆ. ಮುಂದಿನ ಚಕ್ರ ಚರಂಡಿಗೆ ಇಳಿದು, ಬದಿ ಮಣ್ಣಿಗೆ ಉಜ್ಜಿಕೊಂಡು ನಿಂತಿತು. ಎಂಜಿನ್ ಮತ್ತೆ ಆರಿತು. ಸ್ಕೂಟರಿನವರು ನನ್ನ ಕನ್ನಡಿಗೆ ಒಂದು ಮೊಳ ದೂರದಲ್ಲಿ ಕಾಲೂರಿ ನಿಂತಿದ್ದರು. ಹುಲ್ಲಿನ ಹೊರೆ ರಸ್ತೆಗೆ ಬಿದ್ದಿತ್ತು.

ಗಾಡಿಯ ಹಿಂದಿನಿಂದ ನೀರು ಸುರಿಯುತ್ತಿತ್ತು. ಅಕ್ಕ ಮೊದಲು ಇಳಿದರು. ನೇರ ಹಿಂದೆ ಹೋಗಿ ಗೋಣಿ ಎತ್ತಿ ನೋಡಿದರು.

"ಎರಡು ಚೀಲ ಒಡೆದದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಎಣ್ಣೆ ಉಳಿಸಾಕೆ ಅಂತ ಆರಿಸಿದ್ದಾ ನೀನು?"

"ಹೌದು ಅಕ್ಕ."

"ನಾನು ಪಕ್ಕದಲ್ಲಿ ಕೂತಿದ್ದೆ. ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸಲಿಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಸ್ಕೂಟರಿನವರಿಗೆ ಕೈ ಮುಗಿದೆ. ಅವರು ನನ್ನನ್ನು ನೋಡಲೂ ಇಲ್ಲ. ಹೆಲ್ಮೆಟ್ ತೆಗೆದು ಅಕ್ಕನ ಹತ್ತಿರ ಕೇಳಿದರು.

"ಎಂತದಮ್ಮ ಇದು, ಮೀನಾ?"

ಅಕ್ಕ ಎಲ್ಲ ಹೇಳಿದರು: ಕೆರೆ, ಸಂಘ, ಮೂರು ಗಂಟೆಯ ಗಡುವು, ಮುಗಿದ ಗ್ಯಾಸು. ಆಗ ಒಂದೂ ಕಾಲು ಆಗಿತ್ತು. ಸ್ಕೂಟರಿನವರ ಮನೆ ಅಲ್ಲೇ ಕೆಳಗಿತ್ತು. ಹುಲ್ಲು ಕೊಚ್ಚುವ ಯಂತ್ರಕ್ಕೆಂದು ತಂದಿಟ್ಟ ಪೆಟ್ರೋಲ್ ಇದೆ ಎಂದರು. ಹೋಗಿ ಎರಡು ಕ್ಯಾನ್ ತಂದರು. ಇಟ್ಟವರೇ ತಲೆ ಕೆರೆದುಕೊಂಡರು.

"ಯಂತ್ರಕ್ಕೆ ಅಂತ ಒಂದಕ್ಕೆ ಆಯಿಲ್ ಬೆರೆಸಿಟ್ಟೀನಿ ಮಾರಾಯ. ಯಾವುದು ಅಂತ ನೆನಪೇ ಆಗ್ತಿಲ್ಲ."

ಆಯಿಲ್ ಬೆರೆತದ್ದನ್ನು ಗಾಡಿಗೆ ಹಾಕಿದರೆ ಹೊಗೆಯುಗುಳಿ ಪ್ಲಗ್ ಕೆಡುತ್ತದೆ. ಆ ಕಾಡಿನಲ್ಲಿ ಮತ್ತೊಮ್ಮೆ ಗಾಡಿ ನಿಂತರೆ ಮೀನಿನ ಕತೆ ಮುಗಿದಂತೆ. ಮೂಸಿದರೆ ಎರಡೂ ಒಂದೇ. ಸೀಟಿನ ಕೆಳಗಿದ್ದ ಹಳೆ ಪೇಪರ್ ಹರಿದು ಬಾನೆಟ್ ಮೇಲಿಟ್ಟು ಎರಡು ಕ್ಯಾನಿನಿಂದಲೂ ಒಂದೊಂದು ಹನಿ ಬಿಟ್ಟೆ. ಬರೀ ಪೆಟ್ರೋಲಾದರೆ ಆರಿದ ಮೇಲೆ ಗುರುತು ಉಳಿಯುವುದಿಲ್ಲ. ನಾವಿಬ್ಬರೂ ಬಾಗಿ ನೋಡುತ್ತಾ ನಿಂತೆವು. ಬಿಸಿಲಿನಲ್ಲಿ ಅದು ಆರಲು ಎಷ್ಟು ಹೊತ್ತು ಬೇಕು? ಆದರೂ ಆ ಹೊತ್ತು ಕಳೆಯುವುದು ಕಷ್ಟವಾಯಿತು. ಬಲಗಡೆಯ ಹನಿ ಮಾಯವಾಯಿತು. ಎಡಗಡೆಯದು ದುಂಡಗಿನ ಜಿಡ್ಡಾಗಿ ಕೂತಿತು.

ಅಷ್ಟರಲ್ಲಿ ಅಕ್ಕ ಸ್ಕೂಟರಿನವರ ಮನೆಯಿಂದ ಕೊಡದಲ್ಲಿ ಬಾವಿನೀರು ತಂದು ಗೋಣಿ ಒದ್ದೆ ಮಾಡಿದ್ದರು. ಒಡೆದ ಚೀಲದಲ್ಲಿ ಉಳಿದಿದ್ದ ಮರಿಗಳನ್ನು ಗಾಡಿಯಲ್ಲಿದ್ದ ಬಕೆಟ್ಟಿಗೆ ಹಾಕಿಕೊಂಡು ಕೈಯಿಂದ ನೀರು ಕಲಕುತ್ತಿದ್ದರು. ಪೆಟ್ರೋಲ್ ಸುರಿದು, ಮೂವರೂ ಸೇರಿ ಚಕ್ರದಡಿ ಕಲ್ಲು ಕೊಟ್ಟು ಗಾಡಿ ಎತ್ತಿದೆವು.

ಮುಂದಿನ ದಾರಿಯುದ್ದಕ್ಕೂ ಬಕೆಟ್ ಅಕ್ಕನ ಕಾಲುಗಳ ನಡುವೆ ಇತ್ತು. ನಾನು ಇಳಿಜಾರುಗಳನ್ನು ಗೇರಿನಲ್ಲೇ ಇಳಿದೆ, ಹತ್ತಿದ ಗೇರಿನಲ್ಲೇ. ಪೆಟ್ರೋಲ್ ಎಷ್ಟು ಹೋಯಿತೆಂದು ನೋಡಲೂ ಇಲ್ಲ. ನೋಡಿದ್ದು ಗಡಿಯಾರ ಮಾತ್ರ. ಕೆರೆಯ ಏರಿಯನ್ನು ತಲುಪಿದಾಗ ಮೂರೂ ಹತ್ತು. ಹತ್ತು ಹನ್ನೆರಡು ಹೆಂಗಸರು ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದರು.

ಚೀಲ ಬಿಚ್ಚಿ ತಕ್ಷಣ ಸುರಿಯುವಂತಿಲ್ಲ. ಕೆರೆಯ ನೀರಿಗೂ ಚೀಲದ ನೀರಿಗೂ ಬಿಸಿ ಸಮವಾಗಲೆಂದು ಹಾಗೇ ತೇಲಿಬಿಡಬೇಕು. ಸುಮಾರು ಕಾಲು ಗಂಟೆ ಚೀಲಗಳು ಕೆರೆಯ ಮೇಲೆ ಅಲುಗಾಡುತ್ತಿದ್ದವು. ಯಾರಿಗೂ ಒಳಗೇನಾಗಿದೆ ಎಂದು ತಿಳಿಯದು. ಮೊದಲ ಚೀಲವನ್ನು ಅಕ್ಕನೇ ಬಿಚ್ಚಿದರು. ಕೆಲವು ಬಿಳಿ ಹೊಟ್ಟೆ ಮೇಲಾಗಿ ತೇಲಿದವು. ಉಳಿದವು ಒಂದು ಕ್ಷಣ ಗುಂಪಾಗಿ ನಿಂತು, ಕಪ್ಪು ಗೆರೆಯಂತೆ ಆಳಕ್ಕೆ ಹೋದವು. ಚೀಲದಿಂದ ಚೀಲಕ್ಕೆ ಹಾಗೆಯೇ. ಬಕೆಟ್ಟಿನವು ಮಾತ್ರ ಮುಕ್ಕಾಲು ಪಾಲು ಸತ್ತಿದ್ದವು.

"ಕಡಿಮೆ ಯಾಕೆ ಆತು?" ಎಂದು ಒಬ್ಬಾಕೆ ಕೇಳಿದರು.

ಅಕ್ಕ ನನ್ನ ಕಡೆ ನೋಡಿದರು. "ನೀನೇ ಹೇಳು."

ಹೇಳಿದೆ. ತಪ್ಪನ್ನು ರಸ್ತೆಯ ಮೇಲೆ ಹಾಕಲಿಲ್ಲ, ಗ್ಯಾಸಿನ ಮೇಲೂ ಹಾಕಲಿಲ್ಲ. ಬಂಕಿನ ಮುಂದೆ ನಿಲ್ಲಿಸದೆ ಬಂದದ್ದು, ಇಳಿಜಾರಿನಲ್ಲಿ ಎಂಜಿನ್ ಆರಿಸಿದ್ದು, ಎಲ್ಲವನ್ನೂ ಹೇಳಿದೆ. ಒಬ್ಬಾಕೆ, "ನಮ್ ಅಕ್ಕನಿಗೆ ಏನಾದ್ರೂ ಆಗಿದ್ರೆ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಎದ್ದು ಹೋದರು.

ಮುಂದಿನ ವರ್ಷ ಮರಿ ತರುವ ಕಾಲಕ್ಕೆ ಅಕ್ಕ ಫೋನ್ ಮಾಡಿದರು. ನನಗೆ ನಂಬಿಕೆಯಾಗಲಿಲ್ಲ. ಡೀಸೆಲ್ ಗಾಡಿಯೇ ಒಳ್ಳೆಯದು ಅಕ್ಕ, ಬೇರೆಯವರನ್ನು ಹೇಳಲಾ ಎಂದೆ.

"ಗಾಡಿ ಯಾವುದಾದ್ರೂ ಅಡ್ಡಿಲ್ಲ. ನೀನು ಬಾ. ಎರಡೂ ಟ್ಯಾಂಕ್ ತುಂಬ್ಸಿಕೊಂಡು ಬಾ, ನಾನು ನೋಡ್ತೀನಿ" ಎಂದರು.

ಮರಿ ತರುವ ದಿನ ಗಾಡಿ ಹತ್ತುವ ಮೊದಲು ಅವರು ನಿಜವಾಗಿಯೂ ಬಾಗಿ ಪೆಟ್ರೋಲಿನ ಮುಳ್ಳು ನೋಡಿದರು.