ಕಡಬದಲ್ಲಿ ನಾರ್ಮಲ್ ರಕ್ತ

ಕ್ಯಾನ್ಸರ್ ಗಡ್ಡೆಯೊಳಗೆ ಯಾವ ಜೀನಿನ ಪ್ರತಿಗಳು ಹೆಚ್ಚಿವೆ, ಯಾವುದರವು ಕಮ್ಮಿಯಾಗಿವೆ ಅಂತ ದಾಖಲಿಸೋ ಡೇಟಾಬೇಸಿಗೆ ಸ್ಯಾಂಪಲ್ ತರುವುದು ಆಗ ನನ್ನ ಕೆಲಸ. ಪುಟ್ಟಮ್ಮನವರ ಗಡ್ಡೆಯ ಚೂರು ತುಮಕೂರಿನ ಆಸ್ಪತ್ರೆಯಲ್ಲಿ ಸಿಕ್ಕಿತ್ತು. ಹೋಲಿಸಿ ನೋಡೋಕೆ ‘ನಾರ್ಮಲ್’ ರಕ್ತವೂ ಬೇಕು, ಇಲ್ಲದಿದ್ದರೆ ಆ ಚೂರು ದಂಡ. ಅವರ ಊರು ಕಡಬಕ್ಕೇ ಹೋಗಿ ಗಟ್ಟಿಮುಟ್ಟಾದವರನ್ನು ಹುಡುಕಿದೆ. ಸಿರಿಂಜ್ ಕಂಡದ್ದೇ ತಡ, ಒಬ್ಬನಿಗೆ ಶುಗರ್ ಬಂತು, ಇನ್ನೊಬ್ಬನಿಗೆ ಬಿಪಿ. ಆಗಷ್ಟೇ ತೆಂಗಿನಮರ ಇಳಿದವನಿಗೂ ತಲೆಸುತ್ತು.

ಜಗಲಿ ಮೇಲಿದ್ದ ಪುಟ್ಟಮ್ಮ ರೇಗಿದರು. "ನಂದೇ ತಗೊಳಪ್ಪ. ಗಡ್ಡೆ ಇರಾದು ಎದೇಲಿ, ರಕ್ತಕ್ಕೇನಾಗೈತೆ?"

ನಗುತ್ತಲೇ ಬೆಂಗಳೂರಿನ ನಮ್ಮ ಮೇಡಂಗೆ ಫೋನ್ ಮಾಡಿ ಹೇಳಿದೆ.

"ನಾರ್ಮಲ್ ಅಂತ ಪೇಷೆಂಟ್ ರಕ್ತಾನೇ ಕಣ್ರೀ ಬೇಕಾಗಿರೋದು, ಅವರ ಗಡ್ಡೇನ ಅವರದೇ ರಕ್ತದ ಜೊತೆ ಹೋಲಿಸೋಕೆ! ಫಾರಂ ಓದೇ ಇಲ್ವಾ?" ಅಂದರು.

ನಮ್ಮ ಡೇಟಾಬೇಸಿನ ಪ್ರಕಾರ ಇವತ್ತಿಗೂ ಇಡೀ ಕಡಬದಲ್ಲಿ ನಾರ್ಮಲ್ ಆಗಿರುವವರು ಪುಟ್ಟಮ್ಮ ಒಬ್ಬರೇ.