ಅಕ್ಕ ಅಂಟಿಸಿದ ಚೀಟಿ

ಅಕ್ಕನ ಬಲಗೈ ತೋರುಬೆರಳಿನಲ್ಲಿ ರೇಷ್ಮೆ ಎಳೆ ಕೊಯ್ದ ಸಣ್ಣ ಗೆರೆಯೊಂದಿತ್ತು. ಅದರ ಪಕ್ಕದಲ್ಲೇ ಸೋಲ್ಡರಿಂಗ್ ಕಡ್ಡಿ ಸುಟ್ಟ ಕಪ್ಪು ಚುಕ್ಕೆ. ಮಗ್ಗದ ಮನೆಯಿಂದ ಕಂಪ್ಯೂಟರ್ ರಿಪೇರಿಗೆ ಬಂದವಳು ಅವಳು. ಹಿಂದೂಪುರದ ಹುಣಸೆಹಣ್ಣಿನ ಮಂಡಿಗಳ ಹಿಂದಿನ ಬೀದಿಯಲ್ಲಿ ಅವಳ ಅಂಗಡಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಅಲ್ಲಿ ಸ್ಕ್ರೂ ಬಿಚ್ಚುತ್ತ, ಮಿಷಿನ್ ಹೊತ್ತು ತಲುಪಿಸುತ್ತ ಇದ್ದೆ.

ಅವಳ ಜೊತೆ ಕೆಲಸ ಮಾಡಿದರೆ ತಲೆ ಕೆಡುತ್ತಿತ್ತು. ನಮ್ಮಪ್ಪ ಮಗ್ಗದಿಂದ ಇಳಿಸಿದ ಪ್ರತಿ ಸೀರೆಯ ಮಡಿಕೆಯಲ್ಲೂ ನೆಯ್ದವರ ಹೆಸರಿನ ಚೀಟಿ ಇಡುತ್ತಿದ್ದರು. ಎಳೆ ತಪ್ಪಿದ್ದರೆ ಯಾರ ಕೈಯಲ್ಲಿ ತಪ್ಪಿತೆಂದು ತಿಳಿಯಬೇಕಲ್ಲ. ಅಕ್ಕ ಅದನ್ನೇ ಕಂಪ್ಯೂಟರಿಗೂ ತಂದಳು. ಡಬ್ಬದ ಒಳಗೆ ಒಂದು ಚೀಟಿ ಅಂಟಿಸುವಳು: ಏನು ಮಾಡಿದ್ದು, ಮುಟ್ಟಿದವರು ಯಾರು.

"ಧೂಳು ಊದಿದ್ದಕ್ಕೂ ಹೆಸ್ರು ಬರೀಬೇಕೇನಕ್ಕ?" ಎಂದು ನಾನು ಗೊಣಗಿದರೆ, "ಬರಿ ಕಣ್ಲಾ, ಊದಿದ್ದು ನಿನ್ ಬಾಯೇ ತಾನೆ?" ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ, ಕಲ್ಯಾಣದುರ್ಗದಲ್ಲಿ ಗೇಮ್ ಸೆಂಟರ್ ತೆರೆಯುತ್ತಿದ್ದವರೊಬ್ಬರು ಅಕ್ಕನ ಹತ್ತಿರ ಒಂದು ಕಂಪ್ಯೂಟರ್ ಮಾಡಿಸಿದರು. ಅದು ಚೆನ್ನಾಗಿ ನಡೆದರೆ ಉಳಿದ ಆರೂ ಅವಳಿಗೇ. ಅಷ್ಟು ದೊಡ್ಡ ಕೆಲಸ ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ. ನಾನೇ ಬಸ್ಸಿನಲ್ಲಿ ಒಯ್ದು ಜೋಡಿಸಿದೆ. ಕಾರ್ ರೇಸಿನ ಆಟ ನೋಡಿ ಸೆಂಟರಿನವರು, "ಇಷ್ಟೇನಾ ಸ್ಪೀಡು?" ಎಂದರು. "ಇನ್ನೂ ಐತೆ, ತಡೀರಣ್ಣ" ಅಂದುಬಿಟ್ಟೆ. ಗೆಳೆಯ ಕೊಟ್ಟ ಸಿಡಿಯೊಂದು ನನ್ನ ಚೀಲದಲ್ಲಿತ್ತು. ಅದರಲ್ಲಿದ್ದ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿಯನ್ನು ಬಲಕ್ಕೆ ಸರಿಸಿದರೆ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಕಂಪನಿ ಇಟ್ಟ ಮಿತಿ ಮೀರಿ ಓಡುತ್ತದೆ. ಓವರ್‌ಕ್ಲಾಕ್ ಅನ್ನುತ್ತಾರೆ. ನಾನು ಕೊನೆಯವರೆಗೂ ಸರಿಸಿದೆ. ಆಟ ಹಾರಿತು. ಅವರು ನನ್ನ ಬೆನ್ನು ತಟ್ಟಿ, "ಇಂಜಿನೀರಂಟೇ ನುವ್ವೇರಾ!" ಎಂದರು. ಇಂಜಿನಿಯರ್ ಅಂದರೆ ನೀನೇ ಎಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಆ ಖುಷಿಯಲ್ಲಿ ಬಂದೆ. ಚೀಟಿಯಲ್ಲಿ ಬರೆಯಲಿಲ್ಲ.

ವಾರದೊಳಗೆ ಫೋನ್ ಬಂತು. ಪರದೆ ತುಂಬ ಬಣ್ಣದ ಚುಕ್ಕೆ, ಆಮೇಲೆ ಪೂರಾ ಕಪ್ಪು. ಇಬ್ಬರೂ ಹೋದೆವು. ಅಕ್ಕ ಡಬ್ಬ ಬಿಚ್ಚಿ ಮೊದಲು ಕೇಳಿದ್ದು ನನ್ನನ್ನೇ.

"ನೀನೇನಾದ್ರೂ ಮುಟ್ಟಿದ್ಯೇನ್ಲಾ?"

"ಇಲ್ಲಕ್ಕ. ಬೇಕಾದ್ರೆ ಚೀಟಿ ನೋಡು."

ನೋಡಿದಳು. ನಂಬಿದಳು.

ಅಲ್ಲಿಂದ ಶುರುವಾಯಿತು ಪೀಡೆ. ಒಂದು ಸಲಕ್ಕೆ ಒಂದೇ ಬದಲಿಸಬೇಕು, ಎರಡು ಬದಲಿಸಬಾರದು ಎನ್ನುವುದು ಅವಳ ಹಟ. ಕೇಬಲ್ ಬದಲಿಸಿದಳು. ರ್‍ಯಾಮ್ ಬದಲಿಸಿದಳು. ಕೊನೆಗೆ ಕಾರ್ಡು ಕಿತ್ತು ಮೂಗಿಗೆ ಹಿಡಿದಳು. "ಸುಟ್ಟೈತೆ ಕಣ್ಲಾ. ಆದ್ರೆ ಯಾಕ್ ಸುಡ್ತು?" ಬಸ್ಸಿನಲ್ಲೂ ಅದೇ ಪ್ರಶ್ನೆ, ತಟ್ಟೆಯ ಮುಂದೆ ಕೂತರೂ ಅದೇ. "ಹೊಸಾದು ಹಾಕಿ ಬಿಸಾಕು ಅತ್ಲಾಗೆ!" ಎಂದು ರೇಗಿದೆ. ಮಾಡಿದವನು ನಾನು, ಸಿಟ್ಟೂ ನನ್ನದೇ.

ಬೆಂಗಳೂರಿನ ರೈಲು ಹತ್ತಿ ಅಂಥದೇ ಕಾರ್ಡು ತಂದು ಹಾಕಿದಳು. ಎರಡನೇ ದಿನಕ್ಕೆ ಅದರಲ್ಲೂ ಚುಕ್ಕೆ. ಅದನ್ನೇ ಹಿಂದೂಪುರಕ್ಕೆ ತಂದು ನಮ್ಮ ಮಿಷಿನ್ನಿಗೆ ಹಾಕಿದರೆ ಚಿತ್ರ ಕನ್ನಡಿಯಂತಿತ್ತು. ಹಾಗಾದರೆ ದೋಷ ಕಲ್ಯಾಣದುರ್ಗದ ಕರೆಂಟಿನದೇ ಎಂದುಕೊಂಡಳು. ಮತ್ತೆ ಹೋಗಿ ಕಾರ್ಡು ಕೂರಿಸುತ್ತ, "ನಿಮ್ ವೈರಿಂಗ್ ಸರಿಯಿಲ್ಲ ಕಣಣ್ಣ" ಎಂದಳು. ಸೆಂಟರಿನವರು ಉರಿದುಬಿದ್ದರು. "ಏಮಮ್ಮಾ, ಮೊನ್ನೆ ತಾನೆ ಮಾಡ್ಸಿವ್ನಿ! ನಿನ್ ಮಿಷಿನ್ ಕೆಟ್ರೆ ನನ್ ಗೋಡೆ ತಪ್ಪಾ?" ಆಗಲೂ ನಾನು ಬಾಯಿ ಬಿಡಲಿಲ್ಲ.

ಅಕ್ಕ ಮಿಷಿನ್ ಆನ್ ಮಾಡಿದಳು. ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಸಣ್ಣ ಚಿತ್ರವೊಂದು ಬಂದು ಕೂತಿತು. ಹೋದ ಸಲ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಒತ್ತಿದಳು. ಗುಂಡಿ ಬಲತುದಿಯಲ್ಲಿತ್ತು. ಸುಟ್ಟ ಕಾರ್ಡು ಹೋದರೂ ಸಾಫ್ಟ್‌ವೇರು ಹಾರ್ಡ್‌ಡಿಸ್ಕಿನಲ್ಲೇ ಉಳಿದಿತ್ತು. ಮಿಷಿನ್ ಎದ್ದಾಗಲೆಲ್ಲ ಹೊಸ ಕಾರ್ಡನ್ನೂ ಹಾಗೇ ಓಡಿಸುತ್ತಿತ್ತು.

"ಅದು ನಿಮ್ ತಮ್ಮನೇ ಹಾಕಿದ್ದು ಕದಮ್ಮಾ, ಸ್ಪೀಡಿಗೆ" ಎಂದರು ಅವರು. ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನನ್ನ ಮಾತೇ ಸಾಕೆಂದು ಅಕ್ಕ ಬಿಟ್ಟಿದ್ದಳು.

ಅವಳು ನನ್ನತ್ತ ತಿರುಗಲಿಲ್ಲ. "ನಾನೇ ಹಾಕು ಅಂದಿದ್ದೆ ಕಣಣ್ಣ. ಮರ್ತ್‌ಬುಟ್ಟಿದ್ದೆ" ಎಂದು ಗುಂಡಿಯನ್ನು ಎಡಕ್ಕೆ ಸರಿಸಿದಳು.

ಆರು ಕಂಪ್ಯೂಟರೂ ಬೇರೆಯವರ ಪಾಲಾದವು. ಬಸ್ಸಿನಲ್ಲಿ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅಂಗಡಿಗೆ ಬಂದವಳೇ ಸುಟ್ಟ ಕಾರ್ಡಿಗೆ ಚೀಟಿ ಅಂಟಿಸಿ, ಮೇಜಿನೆದುರಿನ ಮೊಳೆಗೆ ನೇತುಹಾಕಿದಳು. 'ಕಾರಣ: ಓವರ್‌ಕ್ಲಾಕ್. ಮುಟ್ಟಿದವರು:' ಎಂದಿತ್ತು. ಮುಂದೆ ಖಾಲಿ. ಬಾಯಲ್ಲಿ ನನಗಾಗಿ ಸುಳ್ಳು ಹೇಳಿದವಳು ಚೀಟಿಯಲ್ಲಿ ಹೇಳಲಿಲ್ಲ.

ಎರಡು ವರ್ಷ ಅದು ನನ್ನ ಕಣ್ಣೆದುರೇ ಇತ್ತು. ಪೆನ್ನೂ ಅಲ್ಲೇ ಇತ್ತು. ಗಿರಾಕಿಗಳು ಓದಿಯಾರೆಂದು ನಾಳೆ, ನಾಳೆ ಎಂದು ದೂಡಿದೆ. ಅವಳು ಒಮ್ಮೆಯೂ ಜ್ಞಾಪಿಸಲಿಲ್ಲ. ಆಮೇಲೆ ಕಾಮಾಲೆ ಬಂದು ತೀರಿಕೊಂಡಳು.

ತಿಥಿ ಮುಗಿಸಿ ಬಂದು ಅಂಗಡಿಯ ಷಟರ್ ಎತ್ತಿದೆ. ಚೀಟಿ ಜಿಡ್ಡು ಹಿಡಿದಿತ್ತು, ಪೆನ್ನು ಓಡಲಿಲ್ಲ. ಒತ್ತಿ ಒತ್ತಿ ನನ್ನ ಹೆಸರು ಬರೆದೆ. ಓದಲು ಅವಳಿರಲಿಲ್ಲ.