ನಾಲಿಗೆ ನೋಡಿ ಹಾಜರಿ ಹಾಕುವ ಮಿಸ್

ಪ್ರತಿಮಾ ಮಿಸ್ ಹಾಜರಿ ಹಾಕುವಾಗ ಮಕ್ಕಳ ಮುಖ ನೋಡುತ್ತಿರಲಿಲ್ಲ, ನಾಲಿಗೆ ನೋಡುತ್ತಿದ್ದರು. ಹೆಸರು ಕರೆದ ಕೂಡಲೇ ಮಗು ಎದ್ದು ನಿಂತು ಬಾಯಿ ಅಗಲಿಸಿ 'ಆ' ಎನ್ನಬೇಕು, ಅದೂ ಚೀನೀ ಭಾಷೆಯ ನಾಲ್ಕು ಏರಿಳಿತಗಳಲ್ಲಿ. ಏರಿಳಿತ ಸರಿಯಿದ್ದರೆ ಹಾಜರಿ. ನಾಲಿಗೆ ಬೆಳ್ಳಗಿದ್ದರೆ ಹಾಜರಿಯ ಜೊತೆಗೆ ಒಂದು ಬೈಗುಳ: "ನಿನ್ನೆ ಇಡೀ ದಿನ ನೀರು ಕುಡೀಲಿಲ್ಲ ಅಲ್ವಾ ನೀನು?" ಕೊಚ್ಚಿಯ ಶಾಲೆಯೊಂದರಲ್ಲಿ ಅವರು ಚೀನೀ ಕಲಿಸುತ್ತಿದ್ದರು. ನನ್ನ ಮಗಳು ಸಾನ್ವಿ ಆಗ ಆರನೇ ಕ್ಲಾಸು, ಅವರ ಪಟ್ಟಶಿಷ್ಯೆ.

ಮಿಸ್ ಕಾಸರಗೋಡಿನ ಕಡೆಯವರು. ಚೀನಾದ ಯಾವುದೋ ಚಳಿಯ ಊರಿಗೆ ಹೋಗಿ ಡಾಕ್ಟರಿಕೆ ಓದಿ ಬಂದಿದ್ದರು. ಹಾಗೆ ಓದಿ ಬಂದವರು ಇಲ್ಲಿ ಮತ್ತೊಂದು ಪರೀಕ್ಷೆ ಪಾಸಾಗದ ಹೊರತು ಯಾರ ನಾಡಿಯನ್ನೂ ಮುಟ್ಟುವಂತಿಲ್ಲ. ಆ ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿದ್ದರು. ಮೂರನೆಯ ಸಲಕ್ಕೆ ಓದುತ್ತ, ಹೊಟ್ಟೆಪಾಡಿಗೆಂದು ಶಾಲೆ ಸೇರಿ, ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ನಾನು ಧಾರವಾಡದವಳು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಬಿದ್ದವಳು. ಲಿಫ್ಟಿನಲ್ಲಿ ಅವರು ಫೋನಿನಲ್ಲಿ ಕನ್ನಡ ಮಾತಾಡುವುದು ಕಿವಿಗೆ ಬಿದ್ದದ್ದೇ ತಡ, ಕೈ ಹಿಡಿದು ಮನೆಗೆ ಎಳೆದುಕೊಂಡು ಹೋಗಿ ಅವಲಕ್ಕಿ ತಿನ್ನಿಸಿದೆ. ಅಂದಿನಿಂದ ಅವರದು "ಎಂತ ಅಕ್ಕ", ನನ್ನದು "ಏನ್ರೀ ಮಿಸ್". ಏನು ಕೇಳಿದರೂ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದ ಸಾನ್ವಿ ಒಂದು ದಿನ ನನ್ನನ್ನು "ಎಂತ ಅಮ್ಮ" ಎಂದು ಕೇಳಿದಳು. ಮಗಳಿಗೆ ಕನ್ನಡ ಬಂತೆಂದು ಹಿಗ್ಗಲೋ, ಧಾರವಾಡದ ಮಾನ ಹೋಯಿತೆಂದು ಕೊರಗಲೋ ತಿಳಿಯಲಿಲ್ಲ.

ಮಿಸ್ಸಿನ ಚೀನೀ ಭಾಷೆ ಪುಸ್ತಕದ್ದಲ್ಲ, ಆಸ್ಪತ್ರೆಯ ವಾರ್ಡಿನದು. ತರಕಾರಿಗಳ ಹೆಸರು ಅವರಿಗೆ ಅಷ್ಟಕ್ಕಷ್ಟೆ, ಆದರೆ ಒಣಕೆಮ್ಮಿಗೆ ಒಂದು, ಕಫದ ಕೆಮ್ಮಿಗೆ ಒಂದು ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹಾಗಾಗಿ ಕ್ಲಾಸೆಂದರೆ ಹೊರರೋಗಿಗಳನ್ನು ನೋಡುವ ಒ.ಪಿ. ಒಂದು ಮಗು ರೋಗಿ, ಇನ್ನೊಂದು ಡಾಕ್ಟರ್, ಉಳಿದವರು ರೋಗಿಯ ಕಡೆಯ ನೆಂಟರು. ಎಲ್ಲಿ ನೋವು, ಯಾವಾಗಿನಿಂದ, ಏನು ಮಾಡಿದರೆ ಜಾಸ್ತಿ, ಈ ಕ್ರಮ ತಪ್ಪುವಂತಿಲ್ಲ. ಡಾಕ್ಟರಾದ ಮಗು ನಡುವೆ ಬಾಯಿ ಹಾಕಿದರೆ ಮಿಸ್ ಸ್ಕೇಲಿನಿಂದ ಮೇಜು ತಟ್ಟುತ್ತಿದ್ದರು. "ರೋಗಿ ಹೇಳ್ಲಿಕ್ಕೆ ಬಿಡಿ ಮಾರಾಯ್ರೆ. ನಿಮ್ಮ ಚೈನೀಸ್ ಎಲ್ಲಿಗೂ ಓಡಿ ಹೋಗುದಿಲ್ಲ."

ವರ್ಷದ ಕೊನೆಗೆ ಮಕ್ಕಳಿಗೆ ಆರಂಭದ ಹಂತದ ಚೀನೀ ಪರೀಕ್ಷೆ ಇತ್ತು, ಬರೆಯುವುದು ಒಂದು ಭಾಗ, ಮಾತಾಡುವುದು ಒಂದು ಭಾಗ. ಪಠ್ಯ ತೆರೆದು ನೋಡಿದೆ. ಕುರ್ಚಿಯ ಮೇಲೆ ಬೆಕ್ಕು, ಅಪ್ಪ ಕುಡಿಯುವ ಚಹಾ, ಟೀಚರಿನ ಸೇಬು. ಸಾನ್ವಿಗೆ ಬೆಕ್ಕು ಗೊತ್ತಿಲ್ಲ, ಭೇದಿ ಗೊತ್ತು. ನೆತ್ತಿಗೇರಿದ ಸಿಟ್ಟಿನಲ್ಲಿ ಕೆಳಗಿಳಿದು ಹೋದೆ.

"ಅಲ್ರೀ ಮಿಸ್, ಪರೀಕ್ಷಾದಾಗ ಬೆಕ್ಕಿನ ಬಗ್ಗೆ ಕೇಳ್ತಾರ. ಭೇದಿ ಬಗ್ಗೆ ಯಾರ್ ಕೇಳ್ತಾರ್ರೀ?"

ಮಿಸ್ ಗಂಭೀರವಾಗಿ ಯೋಚಿಸಿದರು. "ಬೆಕ್ಕಿಗೆ ಭೇದಿ ಆಗುದಿಲ್ವಾ ಅಕ್ಕ?"

ಮರುದಿನದಿಂದ ಇಡೀ ಪಠ್ಯಪುಸ್ತಕವೇ ಆಸ್ಪತ್ರೆಗೆ ಅಡ್ಮಿಟ್ ಆಯಿತು. ಬೆಕ್ಕು ಮಂಗಳವಾರ ಟೀಚರಿನ ಸೇಬು ತಿಂದಿತು, ಬುಧವಾರ ಹೊಟ್ಟೆನೋವು, ಗುರುವಾರ ಅಪ್ಪ ಅದನ್ನು ಕುರ್ಚಿಯ ಮೇಲೆ ಕೂರಿಸಿ ಚಹಾ ಕುಡಿಸಿದ. ವಾರದ ಹೆಸರುಗಳನ್ನು ಮಕ್ಕಳು ಜ್ವರದ ಚಾರ್ಟಿನಲ್ಲಿ ಕಲಿತರು, ಅಂಕಿಗಳನ್ನು ಒಬ್ಬರ ನಾಡಿ ಒಬ್ಬರು ಹಿಡಿದು ಎಣಿಸುತ್ತ ಕಲಿತರು.

ಮಕ್ಕಳ ಪರೀಕ್ಷೆಗೆ ಹತ್ತು ದಿನವಿದ್ದಾಗ ಹೋಳಿಗೆ ಕೊಡಲೆಂದು ಅವರ ಕೋಣೆಗೆ ಹೋದೆ. ಡಾಕ್ಟರ್ ಪರೀಕ್ಷೆಯ ದಪ್ಪ ಗೈಡಿನ ಮೇಲೆ ಕುಕ್ಕರ್ ಕೂತಿತ್ತು. "ಇದೇನ್ರೀ?" ಎಂದೆ.

"ಈ ಸಲ ಅರ್ಜಿ ಹಾಕುದಿಲ್ಲ ಅಕ್ಕ. ಎರಡು ಸಲ ಮರ್ಯಾದೆ ಹೋದದ್ದು ಸಾಕು. ಮಕ್ಕಳು ಪಾಸಾದ್ರೆ ಸ್ಕೂಲಿನವರು ಪರ್ಮನೆಂಟ್ ಮಾಡ್ತಾರಂತೆ. ಇಲ್ಲೇ ಇರ್ತೇನೆ."

ಇಲ್ಲಿ ನಾನೊಂದು ಪಾಪ ಮಾಡಿದೆ. ಹಾಲು ಕುಡಿದಷ್ಟು ಸಂತೋಷವಾಗಿ, "ಭಾಳ ಛಲೋ ಆತು ಬಿಡ್ರಿ" ಅಂದುಬಿಟ್ಟೆ. ಮಗಳಿಗೆ ಮಿಸ್, ನನಗೆ ಸಂಜೆಯ ಮಾತು, ಎರಡೂ ಉಳಿದವಲ್ಲ ಎಂಬ ದುರಾಸೆ. ಮಿಸ್ ನಕ್ಕರು, ಆದರೆ ಹೋಳಿಗೆ ಮುಟ್ಟಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ದರೂ ಸುಮ್ಮನೆ ಮೇಲೆ ಬಂದೆ.

ಪರೀಕ್ಷೆ ತಿರುವನಂತಪುರದಲ್ಲಿ, ಪಟ್ಟಂ ಹತ್ತಿರ. ಐದು ಮಕ್ಕಳು, ಮಿಸ್, ಜೊತೆಗೆ ರಜೆ ಹಾಕಿದ ನಾನು. ಬರೆಯುವುದು ಸುಸೂತ್ರವಾಗಿ ಮುಗಿಯಿತು. ಮಾತಿನ ಪರೀಕ್ಷೆಗೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ಅಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಚೀನಾದ ಹಿರಿಯ ಅಧ್ಯಾಪಕಿಯೊಬ್ಬರು ಪ್ರಶ್ನೆ ಕೇಳುತ್ತಾರೆ. ನಾಲ್ಕು ಮಕ್ಕಳು ಐದೈದು ನಿಮಿಷದಲ್ಲಿ ಹೊರಬಂದರು. ಸಾನ್ವಿ ಹೋದವಳು ಇಪ್ಪತ್ತು ನಿಮಿಷವಾದರೂ ಇಲ್ಲ. ಕೊನೆಗೆ ಕುಣಿಯುತ್ತ ಬಂದಳು.

"ಅಮ್ಮೇ, ಆ ಆಂಟಿಕ್ಕ್ ತೋಳ್ ವೇದನ!"

ಪರದೆಯ ಆಂಟಿಗೆ ಭುಜ ನೋವಂತೆ. ಅಧ್ಯಾಪಕಿ "ಹೇಗಿದ್ದೀ?" ಎಂದು ಕೇಳಿದ್ದಾರೆ. ಇವಳು ರೂಢಿಯ ಪ್ರಕಾರ "ನಾನು ಚೆನ್ನಾಗಿದ್ದೇನೆ, ನಿಮಗೆ ಎಲ್ಲಿ ನೋವು?" ಎಂದಿದ್ದಾಳೆ. ಆ ತಾಯಿಗೂ ಎಷ್ಟು ದಿನದಿಂದ ಯಾರೂ ಕೇಳಿರಲಿಲ್ಲವೋ ಏನೋ, ನಕ್ಕು, ಬಲಭುಜ ಹಿಡಿದು ತೋರಿಸಿದ್ದಾರೆ.

ಮಿಸ್ ಮಂಡಿಯೂರಿ ಕೂತರು. "ನೀನು ಮತ್ತೆ ಎಂತ ಕೇಳಿದ್ದು?"

"ಯಾವಾಗಿಂದ ಕೇಳಿದೆ. ರಾತ್ರಿ ಜಾಸ್ತಿಯಾ ಕೇಳಿದೆ. ತಲೆ ಬಾಚ್ಲಿಕ್ಕೆ ಆಗ್ತದಾ ಕೇಳಿದೆ. ಕೈ ಮೇಲೆ ಎತ್ತಿ ತೋರಿಸಿದ್ರು, ಅರ್ಧಕ್ಕೇ ನಿಂತಿತು."

"ತಲೆ ಬಾಚುದು ನಾನು ಹೇಳಿಕೊಟ್ಟದ್ದಲ್ಲವಲ್ಲ?"

"ಅವರ ಕೂದಲು ಒಂದೇ ಬದಿ ಬಾಚಿತ್ತು ಮಿಸ್. ಅದಕ್ಕೆ ಕೇಳಿದೆ."

"ಶುಗರ್ ಉಂಟಾ ಕೇಳಿದ್ಯಾ?" ಎಂದರು ಮಿಸ್. ಇಲ್ಲವೆಂದಳು. "ಕೇಳ್ಬೇಕಿತ್ತು." ಅಷ್ಟು ಹೇಳಿ ಶುರುಮಾಡಿದವರು ಆಟೋದಲ್ಲೂ ನಿಲ್ಲಿಸಲಿಲ್ಲ. ಶುಗರ್ ಇದ್ದವರಿಗೆ ಭುಜ ಏಕೆ ಬಿಗಿಯುತ್ತದೆ, ಯಾವ ವ್ಯಾಯಾಮ, ಎಷ್ಟು ತಿಂಗಳು, ಎಂದು ಎದುರಿಗೇ ರೋಗಿ ಕೂತಂತೆ ಹೇಳುತ್ತ ಹೋದರು. ಕೈ ಕುಣಿಯುತ್ತಿತ್ತು, ಮುಖ ಕೆಂಪೇರಿತ್ತು. ಇಷ್ಟು ತಿಂಗಳಲ್ಲಿ ಅವರನ್ನು ನಾನು ಹಾಗೆ ನೋಡಿರಲೇ ಇಲ್ಲ. ನನಗೆ ನಾಚಿಕೆಯಾಯಿತು.

ರೈಲು ಹತ್ತಿ ಕೂತ ಮೇಲೆ ಹೇಳಿದೆ. "ಮಿಸ್, ಅವತ್ತು ನಾ ಛಲೋ ಆತು ಅಂದಿದ್ದು ನನ್ನ ಸ್ವಾರ್ಥರೀ. ನೀವು ಡಾಕ್ಟರ್ ಆಗಬೇಕು. ಅರ್ಜಿ ಹಾಕ್ರಿ."

"ನಾಳೆ ಲಾಸ್ಟ್ ಡೇಟ್ ಅಕ್ಕ. ನಾಳೆ ನೋಡುವ."

"ನಾಳೆ ಅಂದ್ರ ನಿಮ್ಮ ಮನಸ್ಸು ಮತ್ತ ಕುಕ್ಕರ್ ಕೆಳಗ ಹೋಗ್ತದ. ಈಗ, ಇಲ್ಲೇ."

ಮಿಸ್ ಹೇಳಿದಂತೆಲ್ಲ ನಾನು ಫೋನಿನಲ್ಲಿ ಅರ್ಜಿ ತುಂಬಿಸಿದೆ. ನೆಟ್‌ವರ್ಕ್ ಹೋದಾಗಲೆಲ್ಲ ಮಕ್ಕಳು ಬೋಗಿಯ ಬಾಗಿಲವರೆಗೆ ಓಡಿ ಫೋನು ಎತ್ತಿ ಹಿಡಿಯಲು ಹೊರಟರು, ಎಳೆದು ಕೂರಿಸಿದೆ. ಬಿಳಿ ಹಿನ್ನೆಲೆಯ ಫೋಟೋ ಬೇಕೆಂದಿತು ಅರ್ಜಿ. ಎದುರಿಗೆ ಕೂತಿದ್ದ ಹಿರಿಯರೊಬ್ಬರು, ನಮ್ಮ ಗಲಾಟೆಯನ್ನು ಕೊಲ್ಲಂನಿಂದಲೂ ನೋಡುತ್ತಿದ್ದವರು, ಮದುವೆಗೆಂದು ಇಸ್ತ್ರಿ ಮಾಡಿಸಿಟ್ಟ ಬಿಳಿ ಮುಂಡುಪಂಚೆಯನ್ನು ಚೀಲದಿಂದ ತೆಗೆದುಕೊಟ್ಟರು. ಇಬ್ಬರು ಹುಡುಗರು ಸೀಟಿನ ಮೇಲೆ ನಿಂತು ಅದನ್ನು ಮಿಸ್ಸಿನ ಹಿಂದೆ ಹಿಡಿದರು. ಜರಿಯಂಚು ಕಾಣಬಾರದೆಂದು ಹಿರಿಯರೇ ನಿರ್ದೇಶನ ಕೊಟ್ಟರು. ಮಿಸ್ಸಿಗೆ ನಗು ತಡೆಯಲಾಗದೆ ಆರು ಫೋಟೋ ಕೆಟ್ಟವು. ನಾವಿಳಿಯುವ ಎರ್ನಾಕುಲಂ ಸ್ಟೇಷನ್ ಬರುವಷ್ಟರಲ್ಲಿ ಅರ್ಜಿ ಹೋಯಿತು.

ಮಕ್ಕಳೆಲ್ಲ ಪಾಸಾದರು. ಮಾತಿನಲ್ಲಿ ಅತಿ ಕಡಿಮೆ ಅಂಕ ಸಾನ್ವಿಯದೇ. ಕೇಳಿದ ಪ್ರಶ್ನೆಗೆ ಉತ್ತರಿಸುವುದಕ್ಕಿಂತ ತಾನೇ ಪ್ರಶ್ನೆ ಕೇಳಿದ್ದು ಹೆಚ್ಚಾಯಿತಂತೆ. ಶಾಲೆಯವರು ಪರ್ಮನೆಂಟ್ ಪತ್ರ ಕೊಟ್ಟರು. ಮಿಸ್ ಅದನ್ನು ವಾಪಸು ಕೊಟ್ಟು, ಓದಲೆಂದು ತಿರುವನಂತಪುರಕ್ಕೆ ಹೋದರು. ಹೊರಡುವ ದಿನ ಸಾನ್ವಿ ಕೋಣೆ ಬಿಟ್ಟು ಹೊರಬರಲಿಲ್ಲ. ನಾನೇ ಆಟೋದವರೆಗೆ ಹೋಗಿ ಅತ್ತು ಬಂದೆ.

ಮೂರನೆಯ ಸಲ ಪಾಸಾಗಿ, ಬೇರೊಂದು ಊರಿನ ಆಸ್ಪತ್ರೆ ಸೇರಿದರು. ಕಳೆದ ದೀಪಾವಳಿಗೆ ಅವರಿಗೆ ಫೋನು ಮಾಡಿದೆ. "ಅಕ್ಕ, ಒಂದು ನಿಮಿಷ" ಎಂದು ಫೋನನ್ನು ಮೇಜಿನ ಮೇಲಿಟ್ಟರು. ಆ ಕಡೆ ಯಾರೋ ಮುದುಕರು "ಡಾಕ್ಟರೇ" ಎಂದು ಕರೆದರು. ಮಿಸ್ಸನ್ನು ಯಾರಾದರೂ ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಿಸ್ ಏನೂ ವಿಶೇಷವಿಲ್ಲವೆಂಬಂತೆ "ಹ್ಞಾಂ" ಎಂದು ಓಗೊಟ್ಟರು. ನಾನು ಕಾದೆ. ಒಂದು ನಿಮಿಷ ಹೋಗಿ ಹತ್ತು ನಿಮಿಷವಾಯಿತು, ಮುದುಕರು ಇನ್ನೂ ಹೇಳುತ್ತಲೇ ಇದ್ದರು, ನಾನು ಫೋನಿನಲ್ಲಿ ಇರುವುದೇ ಮಿಸ್ಸಿಗೆ ಮರೆತುಹೋಗಿತ್ತು. ನನಗೆ ಸಂತೋಷವೂ ಆಯಿತು, ಹೊಟ್ಟೆಯುರಿಯೂ ಆಯಿತು. ಫೋನು ನಾನೇ ಕಟ್ ಮಾಡಿದೆ.